ಡಬ್ಬಿ ಸುಮ್ಮನಾದ ಕಾಲ

ಜೂನ್ 2, ಸೋಮವಾರ

ದಿನಚರಿ ಬರೆಯುವ ಚಟ ನನ್ನದಲ್ಲ. ಗ್ಯಾರೇಜಿನವನು ಹಚ್ಚಿದ್ದು. ಡಬ್ಬಿಯನ್ನು ಅವನ ಮುಂದೆ ನಿಲ್ಲಿಸಿ, "ಇದರಲ್ಲಿ ಏನೇನೋ ಸದ್ದು ಬರುತ್ತಪ್ಪಾ" ಎಂದೆ. ಅವನು ಒಂದು ಸುತ್ತು ಓಡಿಸಿಕೊಂಡು ಬಂದ.

"ಸಾರ್, ಗಾಡಿ ನನ್ ಹತ್ರ ಬಂದ್ರೆ ಡಾಕ್ಟರ್ ಮುಂದೆ ಕೂತ ಮಗು ಥರ ಸುಮ್ನಾಗ್ಬಿಡುತ್ತೆ. ಯಾವ ಸದ್ದು, ಎಲ್ಲಿ, ಯಾವಾಗ ಅಂತ ಬರ್ಕೊಂಡು ಬನ್ನಿ. ಆಮೇಲೆ ನೋಡೋಣ."

ಡಬ್ಬಿ ಎಂದರೆ ನಮ್ಮ ಕಾರು. ಹೆಸರಿಟ್ಟವಳು ನನ್ನ ಹೆಂಡತಿ. ಅಗ್ಗದ ಪುಟ್ಟ ಕಾರು, ನಮ್ಮ ಕೈಗೆ ಬರುವಷ್ಟರಲ್ಲಿ ಎರಡು ಮನೆ ಕಂಡಿತ್ತು. "ಪೆಟ್ರೋಲು ಮೂಸಿದ್ರೆ ಸಾಕು, ಓಡುತ್ತೆ" ಎಂದಿದ್ದ ಮಾರಿದ ದಲ್ಲಾಳಿ. ಸುಳ್ಳಲ್ಲ. ಪೆಟ್ರೋಲನ್ನು ಮೂಸುತ್ತದೆ ಅಷ್ಟೇ, ಆದರೆ ಟೈರು, ಬ್ಯಾಟರಿ, ಕ್ಲಚ್ ಪ್ಲೇಟುಗಳನ್ನು ಹೊಟ್ಟೆ ತುಂಬಾ ತಿನ್ನುತ್ತದೆ. ಇನ್ಶೂರೆನ್ಸು ಅದರ ಮೇಲಿನ ತುಪ್ಪ.

ಸದ್ದು ಹಿಡಿಯುವುದನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಪಿಂಗಾಣಿ ಕಾರ್ಖಾನೆಯಲ್ಲಿ ಚಹಾದ ಕಪ್ಪು ಬಡಿಯುವುದೇ ನನ್ನ ಕೆಲಸ. ಭಟ್ಟಿಯಿಂದ ಬಂದ ಒಂದೊಂದು ಕಪ್ಪನ್ನೂ ಬೆರಳಿಗೆ ನೇತುಹಾಕಿಕೊಂಡು ಮರದ ಕಡ್ಡಿಯಿಂದ ಅಂಚಿಗೆ ಒಂದು ಏಟು. ಗಟ್ಟಿ ಕಪ್ಪಾದರೆ ಠಣ್. ಕಣ್ಣಿಗೆ ಕಾಣದ ಬಿರುಕಿದ್ದರೆ ಠಕ್. ಠಣ್ ಅಂದದ್ದು ಬಲಗಡೆಯ ಬುಟ್ಟಿಗೆ, ಠಕ್ ಅಂದದ್ದು ಎಡಗಡೆಗೆ. ಎಡಗಡೆಯವು ಅಂಗಳದ ಗುಡ್ಡೆ ಸೇರಿ ಕೊನೆಗೆ ಪುಡಿಯಾಗುತ್ತವೆ. ಕಾರ್ಖಾನೆಯಲ್ಲಿ ನನ್ನ ಹೆಸರೇ ಠಣ್ಣಪ್ಪ. ನಾನು ಎಡಕ್ಕೆ ಹಾಕಿದ ಕಪ್ಪನ್ನು ಬಲಕ್ಕೆ ಎತ್ತಿಡುವ ಧೈರ್ಯ ಮ್ಯಾನೇಜರಿಗೂ ಇಲ್ಲ.

ಸರಿ, ಸದ್ದುಗಳು. ವೇಗ ಹೆಚ್ಚಿದಾಗ ಹಿಂದಿನ ಚಕ್ರದ ಕಡೆಯಿಂದ ಗುಂಯ್ ಎಂಬ ಗೊಣಗಾಟ. ಹಳ್ಳಕ್ಕೆ ಇಳಿದರೆ ಅಡಿಯಿಂದ ದಡ್ ದಡ್. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನಿಂದ ಟಕಟಕ. ಅಷ್ಟೇ.

"ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಕೀಂ ಅಂತ ಕಿರುಚುತ್ತಲ್ಲ, ಅದನ್ನೂ ಬರ್ಕೊಳ್ಳಿ" ಎಂದಳು ಹೆಂಡತಿ. ನಕ್ಕುಬಿಟ್ಟೆ. ಅವಳ ಕಿವಿಗೆ ತಾಲೀಮಿಲ್ಲ, ಇಲ್ಲದ್ದೆಲ್ಲ ಕೇಳಿಸುತ್ತದೆ.

ಜೂನ್ 11, ಬುಧವಾರ

ಕಾರ್ಖಾನೆಗೆ ನನ್ನ ಜೊತೆ ಹೂವಕ್ಕ ಬರುತ್ತಾಳೆ. ಹಿಂದಿನ ಬೀದಿಯವಳು. ಕಪ್ಪುಗಳ ಮೇಲೆ ಹೂವು ಬರೆಯುವವಳು, ಅದಕ್ಕೇ ಊರಿಗೆಲ್ಲ ಹೂವಕ್ಕ. ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವಳು, ನನ್ನನ್ನು ಅಣ್ಣಾ ಎನ್ನುತ್ತಾಳೆ. ಒಂದು ವರ್ಷದಿಂದ ಪಕ್ಕದ ಸೀಟು ಅವಳದು, ಪೆಟ್ರೋಲಿನಲ್ಲೂ ಪಾಲು ಕೊಡುತ್ತಾಳೆ. ಜೊತೆಗಾರ್ತಿ ಎಂದರೆ ಹೀಗಿರಬೇಕು: ಮಾತೇ ಇಲ್ಲ. ಕಿಟಕಿಯ ಕಡೆ ನೋಡುತ್ತ ಕೂತಿರುತ್ತಾಳೆ, ತುಟಿ ಮಾತ್ರ ಅಲುಗುತ್ತಿರುತ್ತದೆ. ಮನೆ ಖರ್ಚಿನ ಲೆಕ್ಕ ಹಾಕುತ್ತಾಳೆಂದು ಕಾಣುತ್ತದೆ.

ಜೂನ್ 24, ಮಂಗಳವಾರ

ಹಿಂದಿನ ವೀಲ್ ಬೇರಿಂಗ್ ಹೋಗಿತ್ತು, ಹಾಕಿಸಿದೆ. ಗುಂಯ್ ನಿಂತಿತು. ನನ್ನ ಬರಹ ಕಂಡು ಗ್ಯಾರೇಜಿನವನು ತಲೆದೂಗಿದ. ಆಮೇಲೆ ಏರ್ ಫಿಲ್ಟರ್ ಬಿಚ್ಚಿ ಮೂಗಿನ ಹತ್ತಿರ ಹಿಡಿದ. ಕಪ್ಪಗೆ ಮೆತ್ತಿಕೊಂಡಿತ್ತು.

"ನೋಡಿ ಸಾರ್, ದಾರಿನೇ ಮುಚ್ಚೋಗಿದೆ. ಪಾಪ, ಇದು ಉಸಿರಾಡೋದಾದ್ರೂ ಹೇಗೆ?"

ಅದಕ್ಕೂ ದುಡ್ಡು ಬಿಚ್ಚಿದೆ. ಅಷ್ಟಕ್ಕೇ ಬಿಡುವ ಆಸಾಮಿಯೇ ಅವನು? "ಬ್ರೇಕ್ ಪ್ಯಾಡ್ ಸವೆದಿದೆ ಸಾರ್. ಒತ್ತಿದ್ರೆ ಕಿರ್‍ರ್ ಅನ್ನುತ್ತೆ, ಕೇಳಿಸ್ತಿಲ್ವಾ?" ಎಂದ. ಒತ್ತಿ ನೋಡಿದೆ. ಏನೂ ಇಲ್ಲ. ಗ್ಯಾರೇಜಿನವರ ಈ ಆಟ ನನಗೆ ಗೊತ್ತಿಲ್ಲವೇ? ಒಂದಕ್ಕೆಂದು ಹೋದರೆ ಮೂರು ಗಂಟು ಹಾಕಿ ಕಳಿಸುತ್ತಾರೆ. "ಕಪ್ಪು ಬಡಿಯೋನ ಹತ್ರ ಸದ್ದಿನ ವ್ಯಾಪಾರ ಮಾಡ್ಬೇಡ" ಎಂದು ಹೇಳಿ ಹೊರಟೆ. ಅವನು ಕಾರ್ಖಾನೆಯಿಂದ ನನ್ನ ಜೊತೆ ಬಂದಿದ್ದ ಹೂವಕ್ಕನ ಮುಖ ನೋಡಿದ, ಹೂವಕ್ಕ ನೆಲ ನೋಡಿದಳು.

ಜುಲೈ 6, ಭಾನುವಾರ

ಸಿಹಿ ಸುದ್ದಿ. ಟಕಟಕ ತಾನಾಗಿಯೇ ನಿಂತುಹೋಗಿದೆ! ಗೇಟಿನ ಮುಂದೆ ಸ್ಟೇರಿಂಗನ್ನು ಆ ಕೊನೆಗೂ ಈ ಕೊನೆಗೂ ತಿರುಗಿಸಿ ನೋಡಿದೆ. ಚಕಾರವಿಲ್ಲ. ಕೆಲವು ಕಾಯಿಲೆಗಳನ್ನು ಹಾಗೇ ಬಿಟ್ಟರೆ ಕಾರಿಗೂ ವಾಸಿಯಾಗುತ್ತದೆ ಎಂದೆ. ಹೆಂಡತಿ ಬಾಗಿಲಲ್ಲಿ ನಿಂತು ವಿಚಿತ್ರವಾಗಿ ನೋಡುತ್ತಿದ್ದಳು. ಒಂದು ಪೈಸೆ ಖರ್ಚಿಲ್ಲದ ಸಂತೋಷ ಅವಳಿಗೆ ಅರ್ಥವಾಗುವುದಿಲ್ಲ.

ಈ ವರ್ಷ ಸೊಳ್ಳೆಗಳೂ ಬುದ್ಧಿ ಕಲಿತಿವೆ. ಹಾಡುವುದಿಲ್ಲ, ಸೀದಾ ಬಂದು ಕಚ್ಚುತ್ತವೆ. ಬಾಗಿಲ ಬೆಲ್ಲು ಕೆಟ್ಟಿತ್ತು, ಹೊಸದು ತಂದು ಹಾಕಿದೆ. ಅದೂ ಕಳಪೆ. ಅಂಗಡಿಯವನು ಮೋಸ ಮಾಡಿದ.

ಜುಲೈ 15, ಮಂಗಳವಾರ

ಕಾರ್ಖಾನೆಗೆ ದೊಡ್ಡ ಹೋಟೆಲೊಂದರ ಆರ್ಡರು ಬಂದಿದೆ. ಎಲ್ಲವೂ ಹೂವಿನ ಕಪ್ಪು, ಬೇರೆ ಮಾಲನ್ನೇ ನಿಲ್ಲಿಸಿದ್ದೇವೆ. ಆದರೆ ಮಣ್ಣೋ ಬೆಂಕಿಯೋ ಸರಿಯಿಲ್ಲ. ಹತ್ತು ಬಡಿದರೆ ಆರು ಎಡಗಡೆಗೇ ಹೋಗುತ್ತಿವೆ. ಬಲಗಡೆಗೆ ಹೋಗುವವೂ ಮೊದಲಿನ ಹಾಗೆ ಬಾಯಿ ತುಂಬಾ ಠಣ್ ಎನ್ನುವುದಿಲ್ಲ, ಜ್ವರ ಬಂದವರ ಹಾಗೆ ಸಣ್ಣಗೆ ಎನ್ನುತ್ತವೆ.

ಭಟ್ಟಿ ಮೇಸ್ತ್ರಿ ಬಂದು ಮೈಮೇಲೆ ಬಿದ್ದ. "ಠಣ್ಣಪ್ಪ, ನನ್ ಬೆಂಕಿ ಬಗ್ಗೆ ಈವರೆಗೆ ಯಾರೂ ಬೆರಳು ತೋರಿಸಿಲ್ಲ!" ನಾನೂ ಬಿಡಲಿಲ್ಲ. "ನನ್ ಕಿವಿ ಬಗ್ಗೆಯೂ ತೋರಿಸಿಲ್ಲ!" ಎಂದೆ. ಇಬ್ಬರೂ ಚಹಾ ಕುಡಿಯದೆ ಎದ್ದೆವು. ಇಷ್ಟು ವರ್ಷದ ಸ್ನೇಹದಲ್ಲಿ ಹೀಗಾದದ್ದು ಇದೇ ಮೊದಲು. ಮನಸ್ಸಿಗೆ ಕಸಿವಿಸಿಯಾಗಿದೆ.

ಜುಲೈ 28, ಸೋಮವಾರ

ಇವತ್ತು ರಸ್ತೆಯಲ್ಲಿ ಜನಕ್ಕೆ ಅದೇನು ಪ್ರೀತಿಯೋ! ಸ್ಕೂಟರಿನವನೊಬ್ಬ ಪಕ್ಕಕ್ಕೆ ಬಂದು ಕೈ ಬೀಸಿದ, ನಾನೂ ಬೀಸಿದೆ. ಬಸ್ಸಿನ ಡ್ರೈವರು ಬೆರಳುಗಳನ್ನು ಮುಚ್ಚಿ ತೆರೆದು, ಮುಚ್ಚಿ ತೆರೆದು ಮಾಡಿದ. ನಾನೂ ಹಾಗೇ ಮಾಡಿದೆ. ಕಾರ್ಖಾನೆಯ ಹತ್ತಿರ ಬಂದಾಗ ಹೂವಕ್ಕ ನನ್ನ ತೋಳು ತಟ್ಟಿ ಮೀಟರಿನ ಕಡೆ ತೋರಿಸಿದಳು. ಮನೆ ಬಿಟ್ಟಾಗಿನಿಂದ ಎಡಗಡೆ ಇಂಡಿಕೇಟರ್ ಉರಿಯುತ್ತಲೇ ಇದೆ. ಟಿಕ್ ಟಿಕ್ ಎನ್ನುವುದೂ ಕೆಟ್ಟುಹೋಗಿದೆ. ಮತ್ತೊಂದು ಖರ್ಚು.

ಮಧ್ಯಾಹ್ನ ಮ್ಯಾನೇಜರು ಕರೆಸಿದರು. ಆರ್ಡರು ಅರ್ಧಕ್ಕೆ ನಿಂತಿದೆ, ಏಕೆ ಇಷ್ಟೊಂದು ಬಿರುಕು ಎಂದು ಕೇಳಿದರು. ಹೂವು ಬರೆದ ಕಪ್ಪು, ಬಣ್ಣ ಹಿಡಿಯುವುದಕ್ಕೆ ಇನ್ನೊಂದು ಸಲ ಭಟ್ಟಿಗೆ ಹೋಗಿ ಬರುತ್ತದೆ. ಆ ಕೊನೆಯ ಬೆಂಕಿಯೇ ಬಿರುಕು ಬಿಡಿಸುತ್ತಿದೆ ಎಂದು ಬಿಡಿಸಿ ಹೇಳಿದೆ. ಅವರು ಗಮನವಿಟ್ಟು ಕೇಳಿದರು. ನನ್ನ ಮಾತಿಗೆ ಈಗಲೂ ಆ ಮರ್ಯಾದೆ ಇದೆ.

"ಹಾಗಾದ್ರೆ ಸೆಪ್ಟೆಂಬರಿಂದ ಹೂವೇ ಬೇಡ. ಬರೀ ಬಿಳಿ ಕಪ್ಪುಗಳನ್ನ ಕೊಡ್ತೀವಿ ಅಂತ ಹೋಟೆಲಿನವರನ್ನ ಒಪ್ಪಿಸ್ತೀನಿ" ಎಂದರು.

ನಾನು ಹೂವಿನ ಬಗ್ಗೆ ಏನೂ ಹೇಳಿರಲಿಲ್ಲ, ಬೆಂಕಿಯ ಬಗ್ಗೆ ಹೇಳಿದ್ದೆ. ಸಂಜೆ ಹೂವಕ್ಕ ಎಂದಿನಂತೆ ಪಕ್ಕದಲ್ಲಿ ಕೂತಳು. ಇವತ್ತು ಅವಳ ತುಟಿ ಅಲುಗಲಿಲ್ಲ.

ಆಗಸ್ಟ್ 9, ಶನಿವಾರ

ಹೂವಕ್ಕ ಮನೆಗೆ ಬಂದಿದ್ದಳು. ಸೆರಗಿನಲ್ಲಿ ಏನೋ ಸುತ್ತಿಕೊಂಡು ತಂದಿದ್ದಳು. ಬಿಚ್ಚಿದರೆ ನಾನು ಎಡಗಡೆ ಹಾಕಿದ್ದ ಕಪ್ಪು. ಅಡುಗೆಮನೆಯ ಚಮಚ ತೆಗೆದುಕೊಂಡು ನನ್ನ ಕಿವಿಯ ಹತ್ತಿರವೇ ಬಡಿದಳು.

"ಅಣ್ಣಾ, ಏನಂತು?"

"ಠಕ್ ಅಂತು. ಬಿಸಿ ಹಾಕಿದ್ರೆ ಎರಡು ಹೋಳು."

ಹೆಂಡತಿ ಕುದಿಯುವ ಚಹಾ ತಂದು ಅದಕ್ಕೇ ಬಗ್ಗಿಸಿದಳು. ಹೋಳಾಗಲಿಲ್ಲ. ನಾನು ಪೂರ್ತಿ ಕುಡಿದು ಮುಗಿಸಿದರೂ ಹೋಳಾಗಲಿಲ್ಲ. "ಅದೃಷ್ಟ" ಎಂದೆ. ಹೆಂಗಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹೊರಡುವಾಗ ಹೂವಕ್ಕ ಚಪ್ಪಲಿ ಹಾಕಿಕೊಳ್ಳುತ್ತ ತಲೆ ಬಗ್ಗಿಸಿಯೇ ಏನೋ ಹೇಳಿದಳು. "ಆಗಲಿ, ಆಗಲಿ" ಎಂದೆ. ಅವಳ ಮುಖ ಸಣ್ಣದಾಯಿತು. ಏಕೋ ತಿಳಿಯಲಿಲ್ಲ.

ಅವಳು ಆ ಕಡೆ ಹೋದದ್ದೇ ತಡ, ಇವಳು ಶುರು ಮಾಡಿದಳು. "ರೀ, ನಾಳಿದ್ದು ಕಿವಿ ಡಾಕ್ಟ್ರ ಹತ್ರ ಹೋಗಿ ಬರೋಣ."

"ಯಾರ ಕಿವಿ?"

"ನನ್ನದಲ್ಲ."

ನನಗೆ ಉರಿದುಹೋಯಿತು. ಈ ಕಿವಿಯಿಂದಲೇ ಈ ಮನೆಯ ಒಲೆ ಉರಿದದ್ದು ಎಂದು ಕೂಗಾಡಿದೆ. ಅವಳು ಮೆಲ್ಲಗೆ ಟೀವಿಯ ಸದ್ದು ತಗ್ಗಿಸಿದಳು. ಆಮೇಲೆ ಟೀವಿಯಲ್ಲಿ ಎಲ್ಲರೂ ಸುಮ್ಮನೆ ಬಾಯಿ ಆಡಿಸುತ್ತಿದ್ದರು. ನಾನು ಮಲಗಲು ಹೋದೆ.

ಆಗಸ್ಟ್ 13, ಬುಧವಾರ

ಇವತ್ತು ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಕಾರ್ಖಾನೆಯ ಗೇಟು ದಾಟಿ ಅಂಗಳದ ಇಳಿಜಾರಿನಲ್ಲಿ ಮೆಲ್ಲಗೆ ಇಳಿಯುತ್ತಿದ್ದೆ. ಬ್ರೇಕ್ ಒತ್ತಿದರೆ ಪೆಡಲ್ ಸೀದಾ ಕೆಳಗೆ ಹೋಯಿತು. ಇನ್ನೊಮ್ಮೆ ಒತ್ತಿದೆ, ಕಾಲಿನಡಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂತೆ ಕಂಪಿಸಿತು. ಹೂವಕ್ಕ ಹ್ಯಾಂಡ್‌ಬ್ರೇಕಿಗೆ ಕೈ ಹಾಕಿದಳು, ನಾನೂ ಹಾಕಿದೆ. ಇಬ್ಬರೂ ಎಳೆಯುವಷ್ಟರಲ್ಲಿ ಡಬ್ಬಿ ಎಮ್ಮೆಯ ಗಾಂಭೀರ್ಯದಿಂದ ನಡೆದುಕೊಂಡು ಹೋಗಿ, ಗೋಡೆಗೆ ಒತ್ತಿ ಪೇರಿಸಿದ್ದ ಎಡಗಡೆ ಬುಟ್ಟಿಯ ಕಪ್ಪುಗಳ ಗುಡ್ಡೆಗೆ ಮೂತಿ ಇಟ್ಟಿತು.

ಗುಡ್ಡೆ ಜರಿಯಿತು. ಒಂದರ ಮೇಲೊಂದು, ಹೂವಿನ ಕಪ್ಪುಗಳು ಬಾನೆಟ್ಟಿನ ಮೇಲೆ ಸುರಿದು, ಉರುಳಿ, ನೆಲಕ್ಕೆ ಬಿದ್ದು ಚೂರಾದವು. ಎಷ್ಟೋ ಹೊತ್ತು ಬೀಳುತ್ತಲೇ ಇದ್ದವು. ನಾನು ನೋಡುತ್ತ ಕೂತಿದ್ದೆ. ನನಗೆ ಕೇಳಿಸಿದ್ದು ಪಕ್ಕದ ಮನೆಯಲ್ಲಿ ಯಾರೋ ಹಾಸಿಗೆ ಕೊಡವಿದಷ್ಟು. ದುಬ್, ದುಬ್. ಆಮೇಲೆ ಅದೂ ಇಲ್ಲ.

ಆಗ ಅಂಗಳದ ಆ ಕಡೆ ಕಣ್ಣು ಹೋಯಿತು. ಭಟ್ಟಿ ಮೇಸ್ತ್ರಿ ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡು ನಿಂತಿದ್ದ. ಅವನ ಹಿಂದೆ ಪ್ಯಾಕಿಂಗಿನವರು ಸಾಲಾಗಿ ಕಿವಿ ಮುಚ್ಚಿಕೊಂಡಿದ್ದರು. ಪಕ್ಕದ ಸೀಟಿನಲ್ಲಿ ಹೂವಕ್ಕನೂ ಮುಚ್ಚಿಕೊಂಡಿದ್ದಳು. ಅಷ್ಟು ಜನರಲ್ಲಿ ಕಿವಿ ಮುಚ್ಚಿಕೊಳ್ಳದವನು ನಾನೊಬ್ಬನೇ.

ಯಾರಿಗೂ ಪೆಟ್ಟಾಗಲಿಲ್ಲ. ಇಳಿದು, ಒಡೆಯದೆ ಉಳಿದಿದ್ದ ಒಂದು ಕಪ್ಪನ್ನು ಎತ್ತಿಕೊಂಡು ಜೇಬಿನ ಕಡ್ಡಿಯಿಂದ ಬಡಿದೆ. ಠಕ್. ಮೇಸ್ತ್ರಿಯನ್ನು ಕೇಳಿದೆ, "ಏನಂತು?"

"ಠಣ್ ಅಂತು. ಇನ್ನೇನನ್ನುತ್ತೆ?"

ಇನ್ನೊಂದು ಬಡಿದೆ. ಅವನು ಮತ್ತೆ ಠಣ್ ಎಂದ. ಮೂರನೆಯದನ್ನು ಬಡಿಯುವ ಧೈರ್ಯ ನನಗಿರಲಿಲ್ಲ. ಗ್ಯಾರೇಜಿನವನು, ಹೆಂಡತಿ, ಸೊಳ್ಳೆ, ಬೆಲ್ಲು, ಎಲ್ಲ ಒಟ್ಟಿಗೇ ನೆನಪಾದವು.

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ. "ಶನಿವಾರ ಹೂವಕ್ಕ ಹೊರಡುವಾಗ ಏನಂದಳು?" ಅವಳು ಹತ್ತಿರ ಬಂದು ಜೋರಾಗಿ ಹೇಳಿದಳು. "'ಮುಂದಿನ ತಿಂಗಳಿಂದ ನಾನು ಕಾರಿಗೆ ಬರಲ್ಲ ಅಣ್ಣಾ, ನನಗೆ ಕೆಲಸ ಇರಲ್ಲ' ಅಂದ್ಲು."

ಅದಕ್ಕೆ ನಾನು ಆಗಲಿ, ಆಗಲಿ ಎಂದಿದ್ದೆ.

ಆಗಸ್ಟ್ 14, ಗುರುವಾರ

ಬಸ್ಸಿನಲ್ಲಿ ಹೋಗಿ ಸೀದಾ ಮ್ಯಾನೇಜರ ಕೋಣೆಗೆ ನುಗ್ಗಿದೆ. "ಹೂವು ನಿಲ್ಲಿಸಬೇಡಿ. ಬೆಂಕಿಯೂ ಸರಿ ಇದೆ, ಮಣ್ಣೂ ಸರಿ ಇದೆ. ಕೆಟ್ಟಿರೋದು ನನ್ನ ಕಿವಿ" ಎಂದೆ. ಅವರು ಪೆನ್ನು ಕೆಳಗಿಟ್ಟರು. ಒಂದೆರಡು ವಾರ ಪ್ಯಾಕಿಂಗಿನಲ್ಲಿರಿ, ವೈದ್ಯರು ಏನನ್ನುತ್ತಾರೋ ನೋಡೋಣ ಎಂದರು. ಹೆಚ್ಚು ಮಾತಾಡಲಿಲ್ಲ, ಒಳ್ಳೆಯವರು.

ಕಡ್ಡಿಯನ್ನು ಹೂವಕ್ಕನ ಕೈಗೆ ಕೊಟ್ಟೆ. ಗುಡ್ಡೆಯಲ್ಲಿ ಉಳಿದದ್ದನ್ನೆಲ್ಲ ಅವಳೇ ಬಡಿದಳು. ಬಹುಪಾಲು ಬಲಗಡೆಗೆ ಹೋದವು. ತನ್ನ ಹೂವಿನ ಕಪ್ಪೇ ಆದರೂ ಬಿರುಕಿದ್ದ ಎರಡನ್ನು ಮುಲಾಜಿಲ್ಲದೆ ಎಡಕ್ಕೆ ಎಸೆದಳಂತೆ. ಕೇಳಿ ಹೆಮ್ಮೆಯಾಯಿತು. ಮೇಸ್ತ್ರಿ ಎರಡು ಚಹಾ ತಂದು ನನ್ನ ಪಕ್ಕದಲ್ಲಿ ಕೂತ. ಒಂದನ್ನು ನನ್ನ ಕಡೆ ತಳ್ಳಿದ. ಕುಡಿದೆವು.

ಆಗಸ್ಟ್ 19, ಮಂಗಳವಾರ

ಕಿವಿ ಡಾಕ್ಟರು ಸಣ್ಣ ಟಾರ್ಚು ಹಾಕಿ ಬಗ್ಗಿ ನೋಡಿದರು. ಏನೋ ಹೊರತೆಗೆದು ಬಟ್ಟಲಿಗೆ ಹಾಕಿ ತೋರಿಸಿದರು. ಡಬ್ಬಿಯ ಏರ್ ಫಿಲ್ಟರೇ ನೆನಪಾಯಿತು.

"ಬಲಗಿವಿ ದಾರಿ ಪೂರ್ತಿ ಮುಚ್ಚಿತ್ತು. ಈಗ ಸರಿಹೋಗುತ್ತೆ. ಎಡಗಿವಿಯಲ್ಲಿ ಕಸ ಇಲ್ಲ, ವಯಸ್ಸಿದೆ. ಭಟ್ಟಿಯ ಗಲಾಟೆಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದ್ದೀರಲ್ಲ. ಅದಕ್ಕೆ ಕೇಳೋ ಮಿಷನ್ ಹಾಕಬೇಕು."

ಮಿಷನ್ನಿನ ಬೆಲೆ ಕೇಳಿ ಇನ್ನೊಂದು ಕಿವಿಯೂ ಹೋಗಲಿ ಎನ್ನಿಸಿತು. ಡಬ್ಬಿಯನ್ನು ಕೊಟ್ಟು ಇನ್ನೊಂದು ಕಾರು ತರಲೆಂದು ಕೂಡಿಸಿಟ್ಟಿದ್ದ ದುಡ್ಡಿತ್ತು. ಹೆಂಡತಿ ನನ್ನನ್ನು ಕೇಳದೆಯೇ ಚೆಕ್ಕು ತಂದಿದ್ದಳು. "ಕಾರು ಹಳೇದಿರಲಿ ಬಿಡಿ. ನನಗೆ ಗಂಡನೂ ಹಳೇದೇ ಸಾಕು" ಎಂದಳು. ಅದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಆಗಸ್ಟ್ 30, ಶನಿವಾರ

ಲೋಕದಲ್ಲಿ ಇಷ್ಟೊಂದು ಗಲಾಟೆ ಇದೆಯೇ! ನಮ್ಮ ಮನೆಯ ಫ್ಯಾನು ಅಳುತ್ತದೆ. ಪೇಪರು ಮಡಚಿದರೆ ಪಟಾಕಿ. ನಾನು ಊಟ ಮಾಡುವಾಗ ಎಷ್ಟು ಸದ್ದು ಮಾಡುತ್ತೇನೆಂದು ಈಗ ತಿಳಿಯಿತು. ಇವಳು ಇಷ್ಟು ವರ್ಷ ಹೇಗೆ ಸಹಿಸಿಕೊಂಡಳೋ. ಬಾಗಿಲ ಬೆಲ್ಲು ಕೆಟ್ಟಿರಲಿಲ್ಲ. ಹಳೆಯದೂ ಕೆಟ್ಟಿರಲಿಲ್ಲ.

ಮಧ್ಯಾಹ್ನ ಕಾರ್ಖಾನೆಯಲ್ಲಿ ಮ್ಯಾನೇಜರ ಎದುರು ಬಡಿಯಲು ಕೂತೆ. ಮಿಷನ್ನಿನಲ್ಲಿ ಕಪ್ಪಿನ ದನಿ ತಗಡಿನೊಳಗಿಂದ ಬಂದ ಹಾಗಿರುತ್ತದೆ. ಮೊದಲು ಗಾಬರಿಯಾಯಿತು. ಆಮೇಲೆ ಕಪ್ಪನ್ನು ಬಲಗಿವಿಯ ಕಡೆ ಹಿಡಿದೆ, ಬೆರಳಿನಲ್ಲಿ ಅದರ ನಡುಕವನ್ನೂ ಕಾದೆ. ಠಣ್. ಬಾಯಿ ತುಂಬಾ. ಮೇಸ್ತ್ರಿ ನಡುವೆ ಬಿರುಕಿನದೊಂದನ್ನು ಕಳ್ಳತನದಿಂದ ಸೇರಿಸಿದ್ದ. ಅದನ್ನು ಎತ್ತಿ ಅವನ ಮಡಿಲಿಗೇ ಹಾಕಿದೆ. ಹೋಟೆಲಿನ ಆರ್ಡರು ಸ್ವಲ್ಪ ತಡವಾಗಿ ಹೋಗುತ್ತದೆ, ಆದರೆ ಹೂವಿನ ಸಮೇತ ಹೋಗುತ್ತದೆ.

ಸೋಮವಾರದಿಂದ ನಾನು ಮತ್ತೆ ನನ್ನ ಜಾಗಕ್ಕೆ. ಹೂವಕ್ಕ ಕಡ್ಡಿ ವಾಪಸ್ಸು ಕೊಟ್ಟಳು. ಹಿಡಿಗೆ ಸಣ್ಣದೊಂದು ಹೂವು ಬರೆದಿದ್ದಳು.

ಸೆಪ್ಟೆಂಬರ್ 8, ಸೋಮವಾರ

ನಿನ್ನೆ ಸಂಜೆ ಡಬ್ಬಿ ಗ್ಯಾರೇಜಿನಿಂದ ಬಂತು. ಬ್ರೇಕ್ ಪ್ಯಾಡು, ಡಿಸ್ಕು, ಫ್ಯಾನ್ ಬೆಲ್ಟು, ಮುಂದಿನ ಜಾಯಿಂಟು, ಅಡಿಯ ಬುಷ್ಷು. ಅವನು ಹೇಳಿದ್ದಕ್ಕೆಲ್ಲ ಹೂಂ ಎಂದಿದ್ದೆ. ಬಂಪರಿಗೆ ಮಾತ್ರ ಕೈ ಹಚ್ಚಬೇಡ ಎಂದೆ. ಕಪ್ಪುಗಳು ಗೀಚಿದ ಗುರುತು ಇರಲಿ.

ಬೆಳಿಗ್ಗೆ ಸ್ಟಾರ್ಟ್ ಮಾಡಿದೆ. ಏನೂ ಕೇಳಿಸಲಿಲ್ಲ. ಆರಿಸಿ ಮತ್ತೆ ಮಾಡಿದೆ. ಕೀಂ ಇಲ್ಲ, ಕಿರ್‍ರ್ ಇಲ್ಲ, ಟಕಟಕ ಇಲ್ಲ. ಮಿಷನ್ ತೆಗೆದು ಒರೆಸಿ ಹಾಕಿಕೊಂಡೆ. ಬಲಗಿವಿಗೆ ಬೆರಳು ಹಾಕಿ ತಿರುವಿದೆ. ಮುಗಿಯಿತು, ಮತ್ತೆ ಹೋಯಿತು ಎಂದುಕೊಂಡು ಸ್ಟೇರಿಂಗ್ ಹಿಡಿದು ಕೂತೇ ಇದ್ದೆ.

ಅಷ್ಟರಲ್ಲಿ ಹೂವಕ್ಕ ಬಂದು ಬಾಗಿಲು ತೆಗೆದಳು. ಕೂತಳು. ಬಾಗಿಲು ಹಾಕಿಕೊಂಡಳು. ಆ ಸದ್ದು ಕೇಳಿಸಿತು. ಗೇರು ಹಾಕಿ ಹೊರಟೆ. ಬೀದಿಯ ತುದಿಯಲ್ಲಿ ಇಂಡಿಕೇಟರ್ ಹಾಕಿದೆ. ಟಿಕ್, ಟಿಕ್, ಟಿಕ್. ಡಬ್ಬಿ ಈ ಸಲ ನಿಜವಾಗಿಯೇ ಸುಮ್ಮನಾಗಿತ್ತು.

ಮತ್ತೆ ಆ ಟಿಕ್ ಟಿಕ್ಕಿನ ಮೇಲೆ, ತೆಳ್ಳಗೆ, ಇನ್ನೇನೋ ಕೇಳಿಸಿತು. ಪಕ್ಕಕ್ಕೆ ನೋಡಿದೆ. ಹೂವಕ್ಕ ಕಿಟಕಿಯ ಕಡೆ ಮುಖ ಮಾಡಿಕೊಂಡು ಹಾಡುತ್ತಿದ್ದಳು.

"ನೀನು ಹಾಡ್ತೀಯಾ?"

ಅವಳು ಬೆಚ್ಚಿ ತಿರುಗಿದಳು. "ಒಂದು ವರ್ಷದಿಂದ ದಿನಾ ಹಾಡ್ತಾನೇ ಇದೀನಲ್ಲಣ್ಣಾ. ನೀವು ಬೇಡ ಅನ್ಲಿಲ್ಲ, ಹಿಡಿಸಿದೆ ಅಂದ್ಕೊಂಡಿದ್ದೆ."

ನನ್ನ ಕಡೆಯ ಕಿಟಕಿಯ ಗಾಜು ಏರಿಸಿದೆ. ಅವಳು ಮತ್ತೆ ಮೆಲ್ಲಗೆ ಶುರು ಮಾಡಿದಳು. ಒಳ್ಳೆಯ ದನಿ, ಎಲ್ಲೂ ಬಿರುಕಿಲ್ಲ. ಕಾರ್ಖಾನೆಯ ತಿರುವು ಬಂತು. ನಾನು ನೇರ ಮುಂದಕ್ಕೆ ಹೋದೆ.

"ಅಣ್ಣಾ, ತಿರುವು ಬಿಟ್ರಿ!"

"ಗೊತ್ತು. ನೀನು ಹಾಡು ಮುಗಿಸು" ಎಂದೆ.